ಹಳೆ ಕಾರಿನ ಸ್ಟೀರಿಯೋಗೆ ಮೊಬೈಲ್, ಐಪಾಡ್ ಸೇರಿಸುವುದು ಹೇಗೆ?

ಹತ್ತು ಹದಿನೈದು ವರ್ಷದ ಕಾರು ಇಟ್ಟುಕೊಂಡವರ ಗೋಳು ಹೆಚ್ಚುಕಡಿಮೆ ಒಂದೇ. ಎಂಜಿನ್ ಚೆನ್ನಾಗಿದೆ, ಎಸಿ ತಣ್ಣಗಿದೆ, ಸ್ಪೀಕರ್‌ಗಳಿಗೂ ಏನೂ ಆಗಿಲ್ಲ. ಆದರೆ ಡ್ಯಾಶ್‌ಬೋರ್ಡ್‌ನಲ್ಲಿರುವ ಸ್ಟೀರಿಯೋ ಸಿಡಿ ಕಾಲದ್ದು, ಇಲ್ಲವೇ ಅದಕ್ಕೂ ಹಿಂದಿನ ಕ್ಯಾಸೆಟ್ ಕಾಲದ್ದು. ಹಾಡುಗಳೆಲ್ಲ ಇರುವುದು ಮೊಬೈಲ್‌ನಲ್ಲಿ. ಕೆಲವರ ಡ್ರಾಯರ್‌ನಲ್ಲಿ ಸಾವಿರಾರು ಹಾಡು ತುಂಬಿದ ಹಳೆ ಐಪಾಡ್ (ಆಪಲ್‌ನ ಪುಟ್ಟ ಮ್ಯೂಸಿಕ್ ಪ್ಲೇಯರ್) ಕೂಡ ಬಿದ್ದಿದೆ. ಇದನ್ನು ಅದಕ್ಕೆ ಸೇರಿಸುವುದು ಹೇಗೆ?

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕೇಳಿದರೆ ಬರುವ ಉತ್ತರ ಗೊತ್ತಿರುವುದೇ. “ಸರ್, ಯಾಕ್ ತಲೆ ಕೆಡಿಸ್ಕೊಳ್ತೀರಾ, ಹೊಸ ಆಂಡ್ರಾಯ್ಡ್ ಸ್ಟೀರಿಯೋನೇ ಹಾಕಿಸ್ಬಿಡಿ.” ಕೆಲವು ಕಾರಿಗೆ ಅದೇ ಸರಿಯಾದ ಉತ್ತರ. ಬಹಳಷ್ಟು ಕಾರಿಗೆ ಅದು ಬೇಕಿಲ್ಲ.

ಇಲ್ಲಿ ಮಾಡಬೇಕಾದ ಕೆಲಸ ಒಂದಲ್ಲ, ಮೂರು. ಪ್ಲೇಯರ್‌ನ, ಅಂದರೆ ಮೊಬೈಲ್ ಅಥವಾ ಐಪಾಡ್‌ನ, ಹಾಡು ಸ್ಟೀರಿಯೋಗೆ ಹೋಗಬೇಕು. ಪ್ಲೇಯರ್‌ಗೆ ಚಾರ್ಜ್ ಸಿಗಬೇಕು. ಪ್ಲೇಯರ್ ಅಲ್ಲಾಡದೆ ಒಂದು ಕಡೆ ಕೂರಬೇಕು. ಮೂರನ್ನೂ ತಾನೊಂದೇ ಮಾಡುತ್ತೇನೆ ಅನ್ನುವ ಸಾಮಾನು ಅಂಗಡಿಯಲ್ಲಿ ಬೇಕಾದಷ್ಟಿವೆ. ಕಿರಿಕಿರಿ ಶುರುವಾಗುವುದೂ ಹೆಚ್ಚಾಗಿ ಅವುಗಳಿಂದಲೇ. ಮೂರು ಕೆಲಸವನ್ನೂ ಬಿಡಿಬಿಡಿಯಾಗಿ ಯೋಚಿಸಿದರೆ ದುಡ್ಡೂ ಉಳಿಯುತ್ತದೆ, ಹಾಡೂ ಚೆನ್ನಾಗಿ ಕೇಳುತ್ತದೆ.

ಮೊದಲು ಸ್ಟೀರಿಯೋ ಕಡೆ ನೋಡಿ

ಏನನ್ನೂ ಕೊಳ್ಳುವ ಮುಂಚೆ ಕಾರಿನಲ್ಲಿ ಕೂತು ಸ್ಟೀರಿಯೋವನ್ನು ಸರಿಯಾಗಿ ನೋಡಿ. ಮುಂದೆ 3.5 ಮಿಲಿಮೀಟರ್‌ನ ಸಣ್ಣ ದುಂಡು ತೂತು ಇದೆಯಾ? ಅದೇ ಆಕ್ಸ್. ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿಯಿತು. ಮುಂದೆ ಕಾಣದಿದ್ದರೆ ಗ್ಲವ್‌ಬಾಕ್ಸ್ ಒಳಗೆ, ಹ್ಯಾಂಡ್‌ಬ್ರೇಕ್ ಹತ್ತಿರ, ಆರ್ಮ್‌ರೆಸ್ಟ್ ಕೆಳಗೆ ಕೈಯಾಡಿಸಿ. ಹೊರಗಿನಿಂದ ಹಾಕಿಸಿದ ಕೆಲವು ಡೆಕ್‌ಗಳಿಗೆ, ಅಂದರೆ ಸ್ಟೀರಿಯೋಗಳಿಗೆ, ಹಿಂಬದಿಯಲ್ಲಿ ಕೆಂಪು ಮತ್ತು ಬಿಳಿ ಆರ್‌ಸಿಎ ಸಾಕೆಟ್ ಇರುತ್ತದೆ. ಕೆಂಪು ಬಲಗಡೆಯ ಸ್ಪೀಕರ್‌ಗೆ, ಬಿಳಿ ಎಡಗಡೆಗೆ. ಆದರೆ ಅದು ಇನ್‌ಪುಟ್ಟೋ ಔಟ್‌ಪುಟ್ಟೋ ಅಂತ ಬರಹ ಓದಿ ಖಾತ್ರಿ ಮಾಡಿಕೊಳ್ಳಿ. ಆಂಪ್ಲಿಫೈಯರ್‌ಗೆ ಹೋಗುವ ಔಟ್‌ಪುಟ್ ನೋಡಲು ಥೇಟ್ ಹಾಗೇ ಇರುತ್ತದೆ.

ಇನ್ನೊಂದು ವಿಷಯ. ಕೆಲವು ಸ್ಟೀರಿಯೋಗಳಲ್ಲಿ ಆಕ್ಸ್ ಇದ್ದರೂ ಸೆಟ್ಟಿಂಗ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಸೋರ್ಸ್ ಬಟನ್ ಎಷ್ಟು ಒತ್ತಿದರೂ ಆಕ್ಸ್ ಬರುವುದೇ ಇಲ್ಲ. ಮೆನು ಒಳಗೆ ಹೋಗಿ ಆನ್ ಮಾಡಬೇಕು. ಇದು ಗೊತ್ತಿಲ್ಲದೆ ಡೆಕ್ ಕೆಟ್ಟಿದೆ ಅಂತ ಬಿಚ್ಚಿಸಿದವರೂ ಇದ್ದಾರೆ.

ಹಾಡು ಸ್ಟೀರಿಯೋ ಒಳಗೆ ಹೋಗಲು ಇರುವ ದಾರಿಗಳು ಇವು: ಆಕ್ಸ್ ತಂತಿ, ಯುಎಸ್‌ಬಿ, ಬ್ಲೂಟೂತ್, ಕ್ಯಾಸೆಟ್ ಅಡಾಪ್ಟರ್, ಎಫ್‌ಎಂ ಟ್ರಾನ್ಸ್‌ಮಿಟರ್. ನನ್ನ ಲೆಕ್ಕದಲ್ಲಿ ಎಫ್‌ಎಂ ಕೊನೆಯ ಆಯ್ಕೆ. ಬೇರೆ ದಾರಿ ಯಾವುದೂ ಇಲ್ಲದಾಗ ಮಾತ್ರ.

ಆಕ್ಸ್: ಸರಳ, ಆದರೆ ವಾಲ್ಯೂಮ್ ಗೊತ್ತಿರಬೇಕು

ಆಕ್ಸ್ ಪಿನ್‌ನ ತುದಿಯನ್ನು ಹತ್ತಿರದಿಂದ ನೋಡಿ. ಸುತ್ತಲೂ ಎರಡು ಕಪ್ಪು ಗೆರೆ ಇದ್ದರೆ ಮೂರು ಭಾಗ: ತುದಿ ಎಡಗಡೆಯ ಹಾಡು, ನಡುವಿನದು ಬಲಗಡೆಯ ಹಾಡು, ಬುಡ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ). ಮೂರು ಗೆರೆ ಇದ್ದರೆ ನಾಲ್ಕು ಭಾಗ, ನಾಲ್ಕನೆಯದು ಮೈಕ್‌ಗೆ. ಕಾರಿಗೆ ಎರಡು ಗೆರೆಯ ತಂತಿ ಸಾಕು. ಗೆರೆ ಒಂದೇ ಇದ್ದರೆ ಅದು ಮೋನೋ ತಂತಿ, ಕಾರಿಗೆ ಬೇಡ.

ಹೊಸ ಫೋನ್‌ಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲವಲ್ಲ? 2016ರಲ್ಲಿ ಐಫೋನ್ 7 ಅದನ್ನು ತೆಗೆದ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ತೆಗೆದರು. ಹಾಗಾಗಿ ಟೈಪ್‌ ಸಿ ಯಿಂದ 3.5ಕ್ಕೆ ಹೋಗುವ ಗಿಡ್ಡ ಕನೆಕ್ಟರ್ ಬೇಕು. ಇದರಲ್ಲಿ ಎರಡು ಜಾತಿ ಇದೆ, ಅಂಗಡಿಯವರು ಹೇಳುವುದು ಕಡಿಮೆ. ಒಂದರಲ್ಲಿ ಬರೀ ತಂತಿ ಮಾತ್ರ, ಹಾಡಿನ ಫೈಲನ್ನು ಸ್ಟೀರಿಯೋಗೆ ಅರ್ಥವಾಗುವ ಅನಲಾಗ್ ಸಿಗ್ನಲ್ ಮಾಡಿ ಕೊಡುವ ಕೆಲಸ ಫೋನ್‌ನದ್ದು. ಇನ್ನೊಂದರ ಒಳಗೆ ಡ್ಯಾಕ್ ಅನ್ನುವ ಸಣ್ಣ ಚಿಪ್ ಇದ್ದು ಆ ಕೆಲಸವನ್ನು ತಾನೇ ಮಾಡುತ್ತದೆ. ಅನಲಾಗ್ ಸಿಗ್ನಲ್ ಕೊಡದ ಫೋನ್‌ಗೆ ಮೊದಲನೆಯದನ್ನು ಹಾಕಿದರೆ ಸದ್ದೇ ಬರುವುದಿಲ್ಲ. “ಡ್ಯಾಕ್ ಇರೋದು ಕೊಡಿ” ಅಂತಲೇ ಕೇಳಿ. ಸಾಧ್ಯವಾದರೆ ಅಂಗಡಿಯಲ್ಲೇ ನಿಮ್ಮ ಫೋನ್‌ಗೆ ಹಾಕಿ ನೋಡಿ.

ವಾಲ್ಯೂಮ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಫೋನ್ ವಾಲ್ಯೂಮ್ ಅರ್ಧ ಇಟ್ಟು ಸ್ಟೀರಿಯೋವನ್ನು ಪೂರ್ತಿ ಏರಿಸುತ್ತಾರೆ. ಆಗ ಫೋನ್‌ನಿಂದ ಬರುವ ಸಿಗ್ನಲ್ ಚಿಕ್ಕದು. ಸ್ಟೀರಿಯೋ ಅದರ ಜೊತೆ ತಂತಿಯ ಗುಸುಗುಸುವನ್ನೂ ದೊಡ್ಡದು ಮಾಡುತ್ತದೆ. ಉಲ್ಟಾ ಮಾಡಿ. ಫೋನ್ ವಾಲ್ಯೂಮ್ ಪೂರ್ತಿ ಏರಿಸಿ, ಅಲ್ಲಿಂದ ಒಂದೆರಡು ಹಂತ ಇಳಿಸಿ, ಅಲ್ಲೇ ಬಿಟ್ಟುಬಿಡಿ. ಆಮೇಲೆ ಏರಿಸುವುದು ಇಳಿಸುವುದೆಲ್ಲ ಸ್ಟೀರಿಯೋದಲ್ಲೇ. ಹಾಡು ಒಡೆದಂತೆ ಕೇಳಿದರೆ ಫೋನ್‌ನಲ್ಲಿ ಇನ್ನೊಂದು ಹಂತ ಇಳಿಸಿ. ಫೋನ್‌ನ ಈಕ್ವಲೈಸರ್, ಬಾಸ್ ಬೂಸ್ಟ್ ಎಲ್ಲ ಆಫ್ ಇರಲಿ. ಎರಡೂ ಕಡೆ ಬಾಸ್ ಏರಿಸಿದರೆ ಡೋರ್ ಸ್ಪೀಕರ್ ಗೊರಗೊರ ಅನ್ನುತ್ತದೆ ಅಷ್ಟೇ.

ಐಪಾಡ್ ಇದ್ದವರಿಗೆ ಇಲ್ಲೊಂದು ಲಾಭ ಇದೆ. 2003ರಿಂದ ಐಪಾಡ್‌ಗಳ ಕೆಳಗೆ 30 ಪಿನ್‌ನ ಅಗಲ ಕನೆಕ್ಟರ್ ಬಂತು. ಅದರಲ್ಲಿ ಚಾರ್ಜ್ ಮಾತ್ರ ಅಲ್ಲ, ಲೈನ್ ಔಟ್ ಕೂಡ ಇದೆ. ಮೇಲಿನ ಹೆಡ್‌ಫೋನ್ ತೂತಿನಿಂದ ಬರುವ ಸದ್ದು ಐಪಾಡ್‌ನ ವಾಲ್ಯೂಮ್ ಕಂಟ್ರೋಲ್ ದಾಟಿ ಬರುತ್ತದೆ. ಲೈನ್ ಔಟ್‌ನದ್ದು ಹಾಗಲ್ಲ, ಯಾವಾಗಲೂ ಒಂದೇ ಮಟ್ಟದಲ್ಲಿ ನೇರವಾಗಿ ಬರುತ್ತದೆ. ಮೇಲೆ ಹೇಳಿದ ವಾಲ್ಯೂಮ್ ಕಸರತ್ತೇ ಬೇಡ. 30 ಪಿನ್‌ನ ಲೈನ್ ಔಟ್ ತಂತಿ ಸಿಕ್ಕರೆ ಬಿಡಬೇಡಿ.

ಅದೇ ಕನೆಕ್ಟರ್‌ನಲ್ಲಿ ಒಂದು ತೊಂದರೆಯೂ ಇದೆ. ಹಳೆಯ ಕಾರ್ ಡಾಕ್‌ಗಳು (ಐಪಾಡ್ ಕೂರಿಸುವ ಸ್ಟ್ಯಾಂಡ್‌ಗಳು) ಐಪಾಡ್‌ಗೆ ಫೈರ್‌ವೈರ್ ಅನ್ನುವ ಹಳೆ ಪದ್ಧತಿಯ ಪಿನ್ ಮೂಲಕ 12 ವೋಲ್ಟ್ ಕೊಡುತ್ತಿದ್ದವು. 2008ರ ಐಫೋನ್ 3ಜಿ, ಅದೇ ವರ್ಷದ ಐಪಾಡ್ ನ್ಯಾನೋ ಮತ್ತು ಐಪಾಡ್ ಟಚ್ ಬಂದಾಗ ಆಪಲ್ ಆ ದಾರಿ ಮುಚ್ಚಿತು. 5 ವೋಲ್ಟ್‌ನ ಯುಎಸ್‌ಬಿ ಪಿನ್ ಮಾತ್ರ ಉಳಿಯಿತು. ಹಾಗಾಗಿ ಹಳೆ ಡಾಕ್‌ನಲ್ಲಿ ಹೊಸ ಐಪಾಡ್ ಇಟ್ಟರೆ ಹಾಡು ಬರುತ್ತದೆ, ಚಾರ್ಜ್ ಮಾತ್ರ ಆಗುವುದಿಲ್ಲ. ಡಾಕ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ. ಎರಡೂ ಸರಿ ಇವೆ, ಜೋಡಿ ಸರಿ ಇಲ್ಲ ಅಷ್ಟೇ.

ಯುಎಸ್‌ಬಿ: ಫೋನ್ ಯಾಕೆ ಹಾಡುವುದಿಲ್ಲ?

“ಪೆನ್‌ಡ್ರೈವ್ ಹಾಕಿದ್ರೆ ಹಾಡುತ್ತೆ, ಫೋನ್ ಹಾಕಿದ್ರೆ ಬರೀ ಚಾರ್ಜ್ ಆಗುತ್ತೆ.” ಇದು ಎಲ್ಲರೂ ಹೇಳುವ ಮಾತು. ಕಾರಣ ಹೀಗಿದೆ. ಹಳೆ ಸ್ಟೀರಿಯೋಗೆ ಗೊತ್ತಿರುವುದು ಒಂದೇ: ಪೆನ್‌ಡ್ರೈವ್ ತೆರೆದು, ಒಳಗಿರುವ ಎಂಪಿ3 ಫೈಲ್‌ಗಳನ್ನು ಸಾಲಾಗಿ ಓದುವುದು. ಈಗಿನ ಆಂಡ್ರಾಯ್ಡ್ ಫೋನ್‌ಗಳು ತಮ್ಮ ಮೆಮೊರಿಯನ್ನು ಪೆನ್‌ಡ್ರೈವ್ ಥರ ಬಿಟ್ಟುಕೊಡುವುದಿಲ್ಲ. ಎಂಟಿಪಿ ಅನ್ನುವ ಬೇರೆ ಪದ್ಧತಿಯಲ್ಲಿ ಫೈಲ್ ಕೊಡುತ್ತವೆ. ಸ್ಟೀರಿಯೋಗೆ ಆ ಭಾಷೆ ಬರುವುದಿಲ್ಲ. ಐಪಾಡ್, ಐಫೋನ್‌ಗೆ ಇನ್ನೊಂದು ಬೇಲಿ: ಸ್ಟೀರಿಯೋ ಒಳಗೆ ಆಪಲ್ ಒಪ್ಪಿದ ಚಿಪ್ ಇರಬೇಕು. ಡಬ್ಬದ ಮೇಲೆ “ಮೇಡ್ ಫಾರ್ ಐಪಾಡ್” ಅಂತ ಬರೆದಿದ್ದರೆ ಮಾತ್ರ ನಂಬಿ. ಫೋನನ್ನು ಕಾರಿನ ಪರದೆಗೆ ಜೋಡಿಸುವ ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಇರುವ ಸ್ಟೀರಿಯೋಗಳಿಗೆ ಈ ತಲೆನೋವೇ ಇಲ್ಲ. ಆದರೆ ನಾವು ಮಾತಾಡುತ್ತಿರುವುದು ಅವು ಬರುವ ಮುಂಚಿನ ಕಾರುಗಳ ಬಗ್ಗೆ.

ಹಾಗಾದರೆ ಒಂದು ಪೆನ್‌ಡ್ರೈವ್ ತುಂಬಿಸಿ ಕಾರಿನಲ್ಲೇ ಬಿಡುವುದು ಒಳ್ಳೆಯ ಉಪಾಯ. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇದ್ದರೆ ಹಳೆ ಡೆಕ್‌ಗಳು ಓದುವುದೇ ಇಲ್ಲ ಅನ್ನಬಹುದು. ಪೆನ್‌ಡ್ರೈವ್ 32 ಜಿಬಿ ಒಳಗಿರಲಿ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿ ಅದಕ್ಕಿಂತ ದೊಡ್ಡದಕ್ಕೆ ಫ್ಯಾಟ್32 ತೋರಿಸದೆ ಸತಾಯಿಸುತ್ತಿತ್ತು. ಹಾಡುಗಳು ಎಂಪಿ3 ಆಗಿರಲಿ. ಫ್ಲಾಕ್ ಥರದ ಬೇರೆ ಮಾದರಿಯ ಫೈಲ್ ಹಾಕಿಕೊಂಡು ಹೋಗಿ ಸ್ಟೀರಿಯೋ ಮೌನವಾಗಿದೆ ಅಂತ ಗೊಣಗಬೇಡಿ.

ಕನ್ನಡದವರಿಗೆ ಬರುವ ಒಂದು ಗೋಳು ಇದೆ. ಹಾಡಿನ ಹೆಸರು ಕನ್ನಡ ಲಿಪಿಯಲ್ಲಿದ್ದರೆ ಹಳೆ ಸ್ಟೀರಿಯೋದ ಸಣ್ಣ ಪರದೆಯಲ್ಲಿ ಚೌಕಗಳೋ ಪ್ರಶ್ನಾರ್ಥಕ ಚಿಹ್ನೆಗಳೋ ಕಾಣುತ್ತವೆ. ಆ ಯಂತ್ರದಲ್ಲಿ ಕನ್ನಡದ ಅಕ್ಷರಗಳೇ ಇಲ್ಲ. ಹಾಡೇನೋ ಬರುತ್ತದೆ, ಹುಡುಕುವುದು ಕಷ್ಟ. ಅದಕ್ಕೆ ಫೋಲ್ಡರ್ ಹೆಸರನ್ನಾದರೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ: ಭಾವಗೀತೆ, ದಾಸರಪದ, ಹಳೆ ಚಿತ್ರಗೀತೆ, ಮಕ್ಕಳ ಹಾಡು, ಹೀಗೆ. ಹಾಡಿನ ಒಳಗಿನ ಟ್ಯಾಗ್‌ನಲ್ಲಿ (ಫೈಲ್ ಒಳಗೇ ಬರೆದಿರುವ ಹಾಡಿನ ಹೆಸರು, ವಿವರ) ಕನ್ನಡ ಇದ್ದರೂ ಇದೇ ಕಥೆ. ಫೈಲ್ ಹೆಸರು ಬದಲಿಸಿದರೂ ಪರದೆಯಲ್ಲಿ ಚೌಕವೇ ಬರುತ್ತಿದ್ದರೆ ಟ್ಯಾಗ್ ಬದಲಿಸಿ.

ಹಾಡುಗಳ ಕ್ರಮ ಅಡ್ಡಾದಿಡ್ಡಿ ಆಗುವುದಕ್ಕೂ ಕಾರಣ ಇದೆ. ಅನೇಕ ಡೆಕ್‌ಗಳು ಅಕ್ಷರದ ಕ್ರಮ ನೋಡುವುದಿಲ್ಲ, ಪೆನ್‌ಡ್ರೈವ್‌ಗೆ ಯಾವುದು ಮೊದಲು ಬರೆದಿದೆಯೋ ಅದನ್ನು ಮೊದಲು ಹಾಡುತ್ತವೆ. ಹರಿಕಥೆಯೋ ಯಕ್ಷಗಾನವೋ ಐದಾರು ಭಾಗದಲ್ಲಿದ್ದರೆ ಇದು ನಿಜವಾದ ತಾಪತ್ರಯ, ಅಲ್ವಾ? ಕೊನೆಯ ಭಾಗ ಮೊದಲು ಬಂದು ಕೂರುತ್ತದೆ. ಪೆನ್‌ಡ್ರೈವ್ ಖಾಲಿ ಮಾಡಿ, ಬೇಕಾದ ಕ್ರಮದಲ್ಲೇ ಒಂದೊಂದಾಗಿ ಕಾಪಿ ಮಾಡಿದರೆ ಸರಿಹೋಗುತ್ತದೆ.

ಕ್ಯಾಸೆಟ್ ಡೆಕ್ ಇದ್ದರೆ ಬಿಸಾಡಬೇಡಿ

ಮಾರುತಿ 800, ಕ್ವಾಲಿಸ್, ಹಳೆ ಸ್ಯಾಂಟ್ರೋ ಇನ್ನೂ ಓಡಿಸುವವರಲ್ಲಿ ಕೆಲವರ ಕಾರಿನಲ್ಲಿ ಕ್ಯಾಸೆಟ್ ಡೆಕ್ ಇದೆ. ಅದಕ್ಕೊಂದು ಚಂದದ ಉಪಾಯ ಇದೆ: ಕ್ಯಾಸೆಟ್ ಅಡಾಪ್ಟರ್. ನೋಡಲು ಮಾಮೂಲಿ ಕ್ಯಾಸೆಟ್, ಪಕ್ಕದಿಂದ ಒಂದು ತಂತಿ ನೇತಾಡುತ್ತಿರುತ್ತದೆ. ತಂತಿಯ ತುದಿಯಲ್ಲಿ 3.5ರ ಪಿನ್.

ಒಳಗೆ ಟೇಪೇ ಇಲ್ಲ. ಮಾಮೂಲಿ ಕ್ಯಾಸೆಟ್‌ನಲ್ಲಿ ಟೇಪ್ ಡೆಕ್‌ನ ಹೆಡ್‌ಗೆ (ಟೇಪ್ ಓದುವ ಭಾಗಕ್ಕೆ) ಒರೆಸಿಕೊಂಡು ಹೋಗುವ ಜಾಗದಲ್ಲಿ, ಇದರಲ್ಲಿ ಇನ್ನೊಂದು ಪುಟ್ಟ ಹೆಡ್ ಕೂರಿಸಿದ್ದಾರೆ. ಫೋನ್‌ನಿಂದ ಬಂದ ಸಿಗ್ನಲ್ ಆ ಹೆಡ್‌ನ ಸುರುಳಿಯಲ್ಲಿ ಹರಿದಾಗ ಹಾಡಿಗೆ ತಕ್ಕಂತೆ ಏರಿಳಿಯುವ ಅಯಸ್ಕಾಂತ ಶಕ್ತಿ ಹುಟ್ಟುತ್ತದೆ. ಎದುರಿಗಿರುವ ಡೆಕ್‌ನ ಹೆಡ್ ಅದನ್ನು ಹಿಡಿದು, ಟೇಪ್‌ನಿಂದಲೇ ಬಂತು ಅಂತ ನಂಬಿ ಹಾಡುತ್ತದೆ. ಜೊತೆಗಿರುವ ಸಣ್ಣ ಹಲ್ಲುಚಕ್ರಗಳ ಕೆಲಸ ಬರೀ ತಿರುಗುವುದು. ಅವು ತಿರುಗದಿದ್ದರೆ ಡೆಕ್ ಟೇಪ್ ಮುಗಿಯಿತು ಅಂದುಕೊಂಡು ನಿಂತುಬಿಡುತ್ತದೆ, ಇಲ್ಲವೇ ಆಟೋ ರಿವರ್ಸ್‌ಗೆ ಹೋಗುತ್ತದೆ.

ಹಾಕಿದ ಮೇಲೆ ಡೆಕ್ ಆ ಕಡೆ ಈ ಕಡೆ ಟಕ್ ಟಕ್ ಅಂತ ಬದಲಾಗುತ್ತಿದ್ದರೆ ಇದೇ ಕಾರಣ. ಹಲ್ಲುಚಕ್ರ ಬಿಗಿಯಾಗಿದೆ ಅಥವಾ ಸವೆದಿದೆ. ಸದ್ದು ಬರುತ್ತಿದ್ದರೂ ಮಂಕಾಗಿದ್ದರೆ ಸೈಡ್ ಬದಲಿಸುವ ಬಟನ್ ಒತ್ತಿ ನೋಡಿ. ಅಡಾಪ್ಟರ್‌ನ ಹೆಡ್ ಒಂದು ದಿಕ್ಕಿಗೆ ಮಾತ್ರ ಸರಿಯಾಗಿ ಕೂರುತ್ತದೆ. ಡಾಲ್ಬಿ ಬಟನ್ ಇದ್ದರೆ ಆಫ್ ಮಾಡಿ, ಅದು ಡಾಲ್ಬಿಯಲ್ಲಿ ರೆಕಾರ್ಡ್ ಆದ ಟೇಪ್‌ಗೆ ಮಾತ್ರ. ವರ್ಷಗಟ್ಟಲೆ ಮುಟ್ಟದ ಡೆಕ್ ಆದರೆ ಹತ್ತಿಯ ಇಯರ್‌ಬಡ್‌ಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹೆಡ್ ಒರೆಸಿ. ಬಡ್‌ಗೆ ಕಂದು ಮಸಿ ಅಂಟಿಕೊಂಡು ಬರುತ್ತದೆ. ಒಣಗಿದ ಮೇಲೆ ಹಾಡು ಕೇಳಿ, ತಾಳದ ಸದ್ದು ವಾಪಸ್ ಬಂದಿರುತ್ತದೆ.

ಎಫ್‌ಎಂ ಟ್ರಾನ್ಸ್‌ಮಿಟರ್: ಊರಿನಲ್ಲಿ ಕಷ್ಟ, ಹೈವೇಯಲ್ಲಿ ಪರವಾಗಿಲ್ಲ

ಸಿಗರೇಟ್ ಲೈಟರ್ ತೂತಿಗೆ ಹಾಕುವ ಪುಟ್ಟ ಸಾಮಾನು ಇದು. ಅದೇ ಒಂದು ಸಣ್ಣ ರೇಡಿಯೋ ಸ್ಟೇಷನ್. ನೀವು ಅದಕ್ಕೊಂದು ಫ್ರೀಕ್ವೆನ್ಸಿ ಕೊಟ್ಟು, ಕಾರಿನ ರೇಡಿಯೋವನ್ನೂ ಅದೇ ಫ್ರೀಕ್ವೆನ್ಸಿಗೆ ತಿರುಗಿಸಬೇಕು. ಯಾವ ಕಾರಿಗಾದರೂ ಆಗುತ್ತದೆ, ಅದೇ ಅದರ ಗುಣ.

ತೊಂದರೆ ಜಾಗದ್ದು. ಎಫ್‌ಎಂ ಪಟ್ಟಿ 87.5ರಿಂದ 108 ಮೆಗಾಹರ್ಟ್ಸ್. ಬೆಂಗಳೂರಿನಲ್ಲಿ 91.1, 92.7, 93.5, 98.3, 101.3, 102.9 ಹೀಗೆ ಒಂದರ ಹಿಂದೆ ಒಂದು ಸ್ಟೇಷನ್. ಎಫ್‌ಎಂ ರಿಸೀವರ್‌ನ ಸ್ವಭಾವ ಏನೆಂದರೆ, ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದರೆ ಬಲವಾದದ್ದನ್ನು ಮಾತ್ರ ಹಿಡಿಯುತ್ತದೆ. ಜಾತ್ರೆಯಲ್ಲಿ ಎರಡು ಅಂಗಡಿಯ ಮೈಕ್ ಒಟ್ಟಿಗೆ ಕೂಗಿದ ಹಾಗೆ, ಜೋರಾಗಿದ್ದವನದ್ದೇ ಕೇಳುತ್ತದೆ. ನಿಮ್ಮ ಟ್ರಾನ್ಸ್‌ಮಿಟರ್‌ನ ಶಕ್ತಿ ತೀರಾ ಕಮ್ಮಿ, ಆಂಟೆನಾ ಇರುವುದು ಕಾರಿನ ಹೊರಗೆ, ನಡುವೆ ತಗಡಿನ ಬಾಡಿ. ಎರಡೂ ಸರಿಸಮ ಆದ ಜಾಗದಲ್ಲಿ ಹಾಡು ಮತ್ತು ಜಾಹೀರಾತು ಕಿತ್ತಾಡುತ್ತವೆ.

ಖಾಲಿ ಜಾಗ ಹುಡುಕುವ ರೀತಿ ಇದು: ಟ್ರಾನ್ಸ್‌ಮಿಟರ್ ತೆಗೆದಿಟ್ಟು, ರೇಡಿಯೋವನ್ನು ಕೈಯಿಂದಲೇ ಒಂದೊಂದು ಹೆಜ್ಜೆ ತಿರುಗಿಸಿ. ಬರೀ “ಸ್‌ಸ್‌ಸ್” ಅನ್ನುವ ಜಾಗ ಸಿಕ್ಕರೆ ಸಾಲದು, ಅದರ ಹಿಂದೆ ಮುಂದೆ ಎರಡೆರಡು ಹೆಜ್ಜೆಯೂ ಖಾಲಿ ಇರಬೇಕು. ಪಟ್ಟಿಯ ತುದಿಗಳಲ್ಲಿ, ಅಂದರೆ 88ರ ಕೆಳಗೆ ಅಥವಾ 107ರ ಮೇಲೆ, ಮೊದಲು ನೋಡಿ. ದೂರದ ಪ್ರಯಾಣದಲ್ಲಿ ಊರು ಬದಲಾದಂತೆ ಖಾಲಿ ಜಾಗವೂ ಬದಲಾಗುತ್ತದೆ. ಬೆಂಗಳೂರಿನಲ್ಲಿ ಖಾಲಿ ಇದ್ದದ್ದು ಮೈಸೂರಿನಲ್ಲಿ ತುಂಬಿರಬಹುದು.

ಹಾಡಿನಲ್ಲಿ “ಸ”, “ಶ” ಬಂದಾಗಲೆಲ್ಲ ಚುರ್ ಅನ್ನುತ್ತಿದ್ದರೆ ಫೋನ್ ವಾಲ್ಯೂಮ್ ಜಾಸ್ತಿ ಆಗಿದೆ. ಎಫ್‌ಎಂನಲ್ಲಿ ಕಳಿಸುವ ಮುಂಚೆ ತಾರಸ್ಥಾಯಿಯ ಸದ್ದನ್ನು ಬೇಕೆಂದೇ ಏರಿಸುತ್ತಾರೆ, ರೇಡಿಯೋ ಅದನ್ನು ವಾಪಸ್ ಇಳಿಸುತ್ತದೆ. ಹಾಗಾಗಿ ಮಿತಿ ಮೀರಿದಾಗ ಮೊದಲು ಒಡೆಯುವುದು ಈ ಅಕ್ಷರಗಳೇ. ಜೊತೆಗೆ ಎಫ್‌ಎಂ ಸ್ಟೀರಿಯೋದಲ್ಲಿ 15 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದು ಹೋಗುವುದೇ ಇಲ್ಲ. ಎಷ್ಟೇ ಒಳ್ಳೆ ಫೈಲ್ ಇದ್ದರೂ ಅಷ್ಟೇ.

ಬ್ಲೂಟೂತ್

ಸ್ಟೀರಿಯೋದಲ್ಲಿ ಬ್ಲೂಟೂತ್ ಇದೆ, ಕಾಲ್ ಬರುತ್ತದೆ, ಹಾಡು ಬರುವುದಿಲ್ಲ. ಯಾಕೆ? ಬ್ಲೂಟೂತ್‌ನಲ್ಲಿ ಕಾಲ್‌ಗೆ ಒಂದು ಪ್ರೊಫೈಲ್, ಅಂದರೆ ಒಂದು ಪದ್ಧತಿ, ಹಾಡಿಗೆ ಇನ್ನೊಂದು. ಕಾಲ್‌ನದ್ದು ಎಚ್‌ಎಫ್‌ಪಿ, ಹಾಡಿನದ್ದು ಎ2ಡಿಪಿ. ಆರಂಭದ ಕಾರ್ ಬ್ಲೂಟೂತ್‌ಗಳಲ್ಲಿ ಮೊದಲನೆಯದು ಮಾತ್ರ ಇದ್ದದ್ದು ಬಹಳ. ಅಂಥ ಕಾರಿಗೆ, ಮತ್ತು ಬ್ಲೂಟೂತೇ ಇಲ್ಲದೆ ಆಕ್ಸ್ ಮಾತ್ರ ಇರುವ ಕಾರಿಗೆ, ಸಣ್ಣ ಬ್ಲೂಟೂತ್ ರಿಸೀವರ್ ಸಾಕು. ಅದನ್ನು ಆಕ್ಸ್‌ಗೆ ಚುಚ್ಚಿದರೆ ಆಯಿತು. ಕ್ಯಾಸೆಟ್ ಅಡಾಪ್ಟರ್‌ನ ತಂತಿಗೂ ಇದನ್ನು ಸೇರಿಸಬಹುದು, ನಡುವೆ ಎರಡು ಪಿನ್ ಜೋಡಿಸುವ ಒಂದು ಕಪ್ಲರ್ ಇದ್ದರೆ. ಹಳೆ ಐಪಾಡ್ ಕ್ಲಾಸಿಕ್‌ಗೆ ಮಾತ್ರ ಬ್ಲೂಟೂತ್ ಇಲ್ಲ, ಅದಕ್ಕೆ ತಂತಿಯೇ ಗತಿ.

ಮೈಕ್ ಇರುವ ರಿಸೀವರ್ ತಂದ ಮೇಲೆ ಹಾಡು ಟೆಲಿಫೋನ್‌ನಲ್ಲಿ ಕೇಳಿದಂತೆ ಕೇಳಿದರೆ, ಫೋನ್ ಕಾಲ್ ಪ್ರೊಫೈಲ್‌ಗೆ ಹೋಗಿ ಕೂತಿದೆ ಅಂತ ಅರ್ಥ. ಫೋನ್‌ನ ಬ್ಲೂಟೂತ್ ಸೆಟ್ಟಿಂಗ್‌ನಲ್ಲಿ ಆ ಸಾಧನದ ಹೆಸರಿನ ಪಕ್ಕ ಒತ್ತಿ, “ಕಾಲ್ಸ್” ಆಫ್ ಮಾಡಿ “ಮೀಡಿಯಾ” ಮಾತ್ರ ಬಿಡಿ. ಇನ್ನು ಬ್ಲೂಟೂತ್‌ನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ ಎಸ್‌ಬಿಸಿಯಾ, ಎಎಸಿಯಾ, ಆಪ್ಟ್‌ಎಕ್ಸಾ ಅನ್ನುವ ಚರ್ಚೆ. ಡೀಸೆಲ್ ಎಂಜಿನ್, ಟಯರ್ ಸದ್ದು, ಪಕ್ಕದ ಬಸ್ಸಿನ ಹಾರ್ನ್ ನಡುವೆ ಈ ವ್ಯತ್ಯಾಸ ಕಿವಿಗೆ ಬೀಳುವುದು ಅನುಮಾನ. ಸುಮ್ನೆ ಅದಕ್ಕಾಗಿ ದುಡ್ಡು ಸುರಿಯಬೇಡಿ.

ಆಕ್ಸಿಲರೇಟರ್ ಒತ್ತಿದರೆ ಕುಂಯ್ ಅನ್ನುವ ಸದ್ದು

ಎಲ್ಲರನ್ನೂ ಕಾಡುವ, ಯಾರೂ ಸರಿಯಾಗಿ ವಿವರಿಸದ ಸಮಸ್ಯೆ ಇದು. ಆಕ್ಸ್ ಹಾಕಿದ್ದೀರಿ, ಹಾಡು ಚೆನ್ನಾಗಿದೆ. ಚಾರ್ಜರ್ ಚುಚ್ಚಿದ ಕೂಡಲೇ ಹಿಂದೆ ಒಂದು ಸಣ್ಣ ಕುಂಯ್. ಟ್ರಾಫಿಕ್ ಸಿಗ್ನಲ್‌ನಲ್ಲಿ ನಿಂತಾಗ ಕೆಳಗಿನ ಸ್ವರ, ಆಕ್ಸಿಲರೇಟರ್ ಒತ್ತಿದಂತೆ ಮೇಲಕ್ಕೆ ಏರುತ್ತದೆ. ಗೇರ್ ಬದಲಿಸಿದಾಗ ಮತ್ತೆ ಇಳಿಯುತ್ತದೆ.

ಎಂಜಿನ್ ವೇಗಕ್ಕೆ ತಕ್ಕಂತೆ ಏರುವುದೇ ಸುಳಿವು. ಸದ್ದು ಬರುತ್ತಿರುವುದು ಆಲ್ಟರ್ನೇಟರ್‌ನಿಂದ, ಅಂದರೆ ಎಂಜಿನ್ ತಿರುಗಿಸುವ ಕರೆಂಟ್ ಯಂತ್ರದಿಂದ. ಅದು ಹುಟ್ಟಿಸುವುದು ಎಸಿ ಕರೆಂಟ್, ಡಯೋಡ್‌ಗಳು ಅದನ್ನು ಡಿಸಿ ಮಾಡುತ್ತವೆ. ಆದರೂ ಸಣ್ಣ ಅಲೆ ಉಳಿದೇ ಇರುತ್ತದೆ. ಎಂಜಿನ್ ಜೋರಾಗಿ ತಿರುಗಿದಷ್ಟೂ ಆ ಅಲೆ ವೇಗವಾಗುತ್ತದೆ, ಸ್ವರ ಏರುತ್ತದೆ.

ಅದು ಹಾಡಿನ ಒಳಗೆ ಹೇಗೆ ನುಗ್ಗಿತು? ಫೋನ್‌ನಿಂದ ಈಗ ಎರಡು ತಂತಿ ಹೊರಟಿವೆ. ಆಕ್ಸ್ ತಂತಿಯ ಗ್ರೌಂಡ್ ಸ್ಟೀರಿಯೋ ಮೂಲಕ ಕಾರಿನ ಬಾಡಿಗೆ ಸೇರುತ್ತದೆ. ಚಾರ್ಜರ್ ತಂತಿಯ ಗ್ರೌಂಡ್ ಲೈಟರ್ ಸಾಕೆಟ್ ಮೂಲಕ ಬಾಡಿಯ ಇನ್ನೊಂದು ಜಾಗಕ್ಕೆ ಸೇರುತ್ತದೆ. ಅಲ್ಲಿಗೆ ಒಂದು ಸುತ್ತು ಪೂರ್ತಿಯಾಯಿತು. ಇದೇ ಗ್ರೌಂಡ್ ಲೂಪ್. ಬಾಡಿಯ ಎರಡು ಜಾಗದ ನಡುವೆ ಒಂದಿಷ್ಟು ಮಿಲಿವೋಲ್ಟ್ ವ್ಯತ್ಯಾಸ ಯಾವಾಗಲೂ ಇದ್ದೇ ಇರುತ್ತದೆ. ಆ ವ್ಯತ್ಯಾಸ ನಿಮ್ಮ ಆಕ್ಸ್ ತಂತಿಯ ಗ್ರೌಂಡ್‌ನಲ್ಲೇ ಹರಿಯುತ್ತದೆ. ಹಾಡಿನ ಸಿಗ್ನಲ್ಲೇ ಒಂದು ವೋಲ್ಟಿಗಿಂತ ಕಮ್ಮಿ ಇರುವಾಗ, ಅಷ್ಟು ಸಣ್ಣ ಗಲಾಟೆಯೂ ಕಿವಿಗೆ ಕೇಳುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಓಡುತ್ತಿರಲಿ, ಹಾಡು ನಿಲ್ಲಿಸಿ, ಸ್ಟೀರಿಯೋ ವಾಲ್ಯೂಮ್ ಏರಿಸಿ. ಕುಂಯ್ ಕೇಳುತ್ತಿರುವಾಗ ಚಾರ್ಜರ್ ಕಿತ್ತುಬಿಡಿ. ಸದ್ದು ತಟ್ಟನೆ ನಿಂತರೆ ಗ್ರೌಂಡ್ ಲೂಪೇ. ನಿಲ್ಲದಿದ್ದರೆ ಆಕ್ಸ್ ತಂತಿಯನ್ನೂ ಕಿತ್ತು ನೋಡಿ. ಆಗಲೂ ಇದ್ದರೆ ಫೋನ್‌ಗೂ ಅದಕ್ಕೂ ಸಂಬಂಧವಿಲ್ಲ. ಸ್ಟೀರಿಯೋದ ಗ್ರೌಂಡ್ ವೈರ್ ಸಡಿಲವಾಗಿದೆಯಾ ಅಂತ ಎಲೆಕ್ಟ್ರೀಷಿಯನ್‌ಗೆ ತೋರಿಸಿ. ಎಂಜಿನ್ ವೇಗಕ್ಕೆ ಬದಲಾಗದೆ ಒಂದೇ ಸಮ ಗುಂಯ್‌ಗುಡುವ ಸದ್ದಾದರೆ ಅಗ್ಗದ ಚಾರ್ಜರ್ ಮೇಲೆ ಅನುಮಾನ ಇಡಿ. ಎಂಜಿನ್ ಓಡುವಾಗ ಸಾಕೆಟ್‌ನಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. ಅದನ್ನು 5ಕ್ಕೆ ಇಳಿಸಲು ಚಾರ್ಜರ್ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್ ಆಫ್ ಮಾಡುತ್ತದೆ. ದುಡ್ಡು ಉಳಿಸಲು ಫಿಲ್ಟರ್ ಹಾಕದ ಚಾರ್ಜರ್‌ನಲ್ಲಿ ಆ ಗಲೀಜು ಹೊರಗೂ ಬರುತ್ತದೆ.

ಪರಿಹಾರಕ್ಕೆ ಗ್ರೌಂಡ್ ಲೂಪ್ ಐಸೋಲೇಟರ್ ಅನ್ನುವ ಬೆರಳುದ್ದದ ಸಾಮಾನು ಸಿಗುತ್ತದೆ. ಬೆಂಗಳೂರಿನವರಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆ ಇದ್ದೇ ಇದೆ. ಅದರೊಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್, ಎಡಕ್ಕೊಂದು ಬಲಕ್ಕೊಂದು. ಹಾಡು ಅಯಸ್ಕಾಂತದ ಮೂಲಕ ದಾಟುತ್ತದೆ, ಗ್ರೌಂಡ್ ತಂತಿ ಮಾತ್ರ ಅಲ್ಲಿಗೇ ತುಂಡಾಗುತ್ತದೆ. ಇದನ್ನು ಹಾಕಬೇಕಾದ್ದು ಆಕ್ಸ್ ತಂತಿಯ ನಡುವೆ, ಚಾರ್ಜರ್ ಕಡೆ ಅಲ್ಲ. ತೀರಾ ಅಗ್ಗದ್ದರಲ್ಲಿ ಬಾಸ್ ಸ್ವಲ್ಪ ಸೊರಗುತ್ತದೆ. ಅದು ಬೇಡ ಅಂದರೆ ಫೋನನ್ನು ಪವರ್ ಬ್ಯಾಂಕ್‌ಗೆ ಹಾಕಿ. ಪವರ್ ಬ್ಯಾಂಕ್ ಕಾರಿಗೆ ಅಂಟಿಕೊಂಡಿಲ್ಲದಿದ್ದರೆ ಲೂಪೇ ಇಲ್ಲ. ಸ್ವಂತ ಬ್ಯಾಟರಿ ಇರುವ ಬ್ಲೂಟೂತ್ ರಿಸೀವರ್ ಕೂಡ ಇದೇ ಕಾರಣಕ್ಕೆ ಮೌನವಾಗಿರುತ್ತದೆ. ಆದರೆ ಅದನ್ನೂ ಚಾರ್ಜ್‌ಗೆ ಹಾಕಿಕೊಂಡೇ ಹಾಡು ಕೇಳಿದರೆ ಕುಂಯ್ ವಾಪಸ್.

ಲೈಟರ್ ಸಾಕೆಟ್ ಬಗ್ಗೆ ಒಂದು ಮಾತು. ಕೆಲವು ಕಾರಿನಲ್ಲಿ ಕೀ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ. ಕೀ ತೆಗೆದ ಮೇಲೂ ಚಾರ್ಜರ್‌ನ ದೀಪ ಉರಿಯುತ್ತಿದ್ದರೆ ನಿಮ್ಮದು ಆ ಜಾತಿ. ಕಾರನ್ನು ವಾರಗಟ್ಟಲೆ ನಿಲ್ಲಿಸಿ ಊರಿಗೆ ಹೋಗುವವರು ಎಲ್ಲವನ್ನೂ ಕಿತ್ತಿಟ್ಟು ಹೋಗಿ.

ಎಲ್ಲಿ ಕೂರಿಸುವುದು?

ಹೋಲ್ಡರ್ ವಿಷಯದಲ್ಲಿ ಜನ ನೋಡುವುದು ಅಂದ. ನೋಡಬೇಕಾದ್ದು ಬಿಸಿಲು, ಏರ್‌ಬ್ಯಾಗ್, ಹಂಪ್.

ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಕೈಯಿಡಲಾಗದಷ್ಟು ಸುಡುತ್ತದೆ. ರಾಯಚೂರು, ಕಲಬುರಗಿ ಕಡೆ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ದಾಟುತ್ತದೆ. ಐಫೋನ್ ಬಳಸಲು ಆಪಲ್ ಹೇಳುವ ಮಿತಿ 35 ಡಿಗ್ರಿ, ಆಫ್ ಮಾಡಿ ಇಡಲು 45. ಹಾಗಾಗಿ ವಿಂಡ್‌ಶೀಲ್ಡ್‌ಗೆ ಅಂಟಿಸಿದ ಫೋನ್ ಮ್ಯಾಪ್ ಓಡಿಸುತ್ತಾ, ಚಾರ್ಜ್ ಆಗುತ್ತಾ, ಬಿಸಿಲಲ್ಲಿ ಕಾಯುತ್ತಾ ಇದ್ದರೆ ನಡುದಾರಿಯಲ್ಲಿ ಕೈ ಕೊಡುತ್ತದೆ. ಎಸಿ ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಇದಕ್ಕೆ ವಾಸಿ, ತಂಪು ಗಾಳಿ ನೇರ ಬೆನ್ನಿಗೆ ಬೀಳುತ್ತದೆ. ಆದರೆ ಈಗಿನ ಫೋನ್‌ಗಳು ಭಾರ, ಹಳೆ ಕಾರಿನ ಕಿಂಡಿಯ ಪ್ಲಾಸ್ಟಿಕ್ ಪಟ್ಟಿಗಳು ಒಣಗಿ ಗಡುಸಾಗಿರುತ್ತವೆ. ಎರಡು ಹಂಪ್ ಜೋರಾಗಿ ಹಾರಿಸಿದರೆ ಪಟ್ಟಿ ಮುರಿಯುತ್ತದೆ. ಕೆಳಗಿನಿಂದ ಡ್ಯಾಶ್‌ಬೋರ್ಡ್‌ಗೆ ಊರಿಕೊಳ್ಳುವ ಕಾಲು ಇರುವ ಹೋಲ್ಡರ್ ಹುಡುಕಿ.

ಸಿಡಿ ಡೆಕ್ ಇದ್ದು ಸಿಡಿ ಹಾಕುವುದು ಬಿಟ್ಟಿದ್ದರೆ, ಆ ಸೀಳಿಗೇ ಸಿಕ್ಕಿಸುವ ಹೋಲ್ಡರ್ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಇದೇ. ಗಟ್ಟಿಯಾಗಿ ಕೂರುತ್ತದೆ, ವಿಂಡ್‌ಶೀಲ್ಡ್‌ನಷ್ಟು ಬಿಸಿಲು ಬೀಳುವುದಿಲ್ಲ, ರಸ್ತೆ ನೋಡಲು ಅಡ್ಡ ಬರುವುದಿಲ್ಲ. ವ್ಯಾಕ್ಯೂಮ್ ಕಪ್ ಥರದ್ದು ನುಣುಪು ಗಾಜಿಗೆ ಮಾತ್ರ ಸರಿ. ತರಿತರಿ ಡ್ಯಾಶ್‌ಬೋರ್ಡ್‌ಗೆ ಹಾಕಿದರೆ ಗಾಳಿ ಒಳಗೆ ನುಗ್ಗಿ ಯಾವಾಗಲೋ ಕಳಚಿ ಬೀಳುತ್ತದೆ. ಯಾವುದೇ ಹೋಲ್ಡರ್ ಆಗಲಿ, ತೋಳು ಗಿಡ್ಡ ಇರಲಿ. ಉದ್ದ ಆದಷ್ಟೂ ಫೋನ್ ಓಲಾಡುತ್ತದೆ.

ಮುಂದಿನ ಪ್ಯಾಸೆಂಜರ್ ಎದುರಿನ ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ಗುರುತು ಇದ್ದರೆ ಆ ಭಾಗದಲ್ಲಿ ಏನನ್ನೂ ಅಂಟಿಸಬೇಡಿ. ಏರ್‌ಬ್ಯಾಗ್ ತೆರೆದಾಗ ಆ ಹೋಲ್ಡರ್ ಕಲ್ಲಿನ ಥರ ಮುಖಕ್ಕೆ ಬರುತ್ತದೆ.

ಐಪಾಡ್ ಕ್ಲಾಸಿಕ್‌ಗೆ ಇನ್ನೊಂದು ಎಚ್ಚರ. ಅದರೊಳಗೆ ಇರುವುದು ತಿರುಗುವ 1.8 ಇಂಚಿನ ಹಾರ್ಡ್‌ಡಿಸ್ಕ್. ಹಾಡನ್ನು ಮೊದಲು ಮೆಮೊರಿಗೆ ತುಂಬಿಕೊಂಡು ಡಿಸ್ಕ್ ನಿಲ್ಲಿಸುವುದರಿಂದ ಸಣ್ಣಪುಟ್ಟ ಕುಲುಕಿಗೆ ಹಾಡು ತಪ್ಪುವುದಿಲ್ಲ. ಆದರೆ ಡಿಸ್ಕ್ ತಿರುಗುತ್ತಿರುವ ಹೊತ್ತಿಗೆ ಜೋರಾದ ಏಟು ಬಿದ್ದರೆ ಅದು ಹೋದಂತೆ. ಇಂಥ ಐಪಾಡನ್ನು ಬಟ್ಟೆಯಲ್ಲಿ ಸುತ್ತಿ ಗ್ಲವ್‌ಬಾಕ್ಸ್‌ನಲ್ಲಿಡಿ, ತಂತಿ ಮಾತ್ರ ಹೊರಗೆ ಬರಲಿ. ಮ್ಯಾಗ್ನೆಟ್ ಹೋಲ್ಡರ್ ಹತ್ತಿರ ಬೇಡ. ಕಾರು ಬಿಸಿಲಲ್ಲಿ ನಿಲ್ಲಿಸುವುದಾದರೆ ಐಪಾಡನ್ನು ಜೊತೆಗೇ ಒಯ್ಯಿರಿ.

ತಂತಿಗಳು ಗೇರ್ ರಾಡ್, ಹ್ಯಾಂಡ್‌ಬ್ರೇಕ್, ಪೆಡಲ್ ಹತ್ತಿರ ಜೋತಾಡಬಾರದು. ಕನ್ಸೋಲ್‌ನ ಪಕ್ಕದ ಸಂದಿಯಲ್ಲಿ ತೂರಿಸಿ, ಉಳಿದದ್ದನ್ನು ಸುತ್ತಿ ಕಟ್ಟಿ. ಆಕ್ಸ್ ತಂತಿ ಒಂದು ಮೀಟರ್‌ಗಿಂತ ಉದ್ದ ಬೇಕಾಗುವುದು ಅಪರೂಪ.

ಕಾನೂನಿನ ಮಾತೂ ಇದೆ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿದು ಬಳಸುವುದು ಅಪಾಯಕಾರಿ ಚಾಲನೆ. 2020ರ ಅಕ್ಟೋಬರ್‌ನಿಂದ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದಂತೆ, ವಿನಾಯಿತಿ ಇದೆ. ಹಾಡು ಬದಲಿಸುವುದು ಅದರಲ್ಲಿ ಬರುವುದಿಲ್ಲ. ಹೊರಡುವ ಮುಂಚೆಯೇ ಒಂದು ಪಟ್ಟಿ ಹಾಕಿಡಿ.

ಇಷ್ಟೆಲ್ಲ ಆದರೂ ಸ್ಟೀರಿಯೋ ಬದಲಿಸಲೇಬೇಕು ಅಂದರೆ

ಡೆಕ್ ಸತ್ತಿದ್ದರೆ, ಆಕ್ಸೂ ಇಲ್ಲ ಕ್ಯಾಸೆಟ್ಟೂ ಇಲ್ಲ ಅಂದರೆ, ಬದಲಿಸಿ. ಮಾಮೂಲಿ ಸೈಜ್ ಎರಡು: ಸಿಂಗಲ್ ಡಿನ್ ಅಂದರೆ ಸುಮಾರು 18 ಸೆಂಟಿಮೀಟರ್ ಅಗಲ, 5 ಎತ್ತರ. ಡಬಲ್ ಡಿನ್ ಅಷ್ಟೇ ಅಗಲ, ಎತ್ತರ ದುಪ್ಪಟ್ಟು. ಬ್ಲೂಟೂತ್, ಯುಎಸ್‌ಬಿ, ಆಕ್ಸ್ ಮೂರೂ ಇರುವ ಮಾಮೂಲಿ ಸಿಂಗಲ್ ಡಿನ್ ಡೆಕ್ ಸಾಕು, ದೊಡ್ಡ ಪರದೆಯೇ ಬೇಕೆಂದಿಲ್ಲ.

ಹಾಕಿಸುವಾಗ ಪಕ್ಕದಲ್ಲೇ ನಿಂತು ಒಂದು ವಿಷಯ ನೋಡಿ: ಕಾರಿನ ಒರಿಜಿನಲ್ ವೈರ್ ಕತ್ತರಿಸಲು ಬಿಡಬೇಡಿ. ನಿಮ್ಮ ಕಾರಿಗೆ ಹೊಂದುವ ವೈರಿಂಗ್ ಕಪ್ಲರ್ ಕೇಳಿ ಹಾಕಿಸಿ. ಹೊಸ ಡೆಕ್‌ನ ಕಡೆ ಹಳದಿ ತಂತಿ ಯಾವಾಗಲೂ 12 ವೋಲ್ಟ್, ಕೆಂಪು ಕೀ ಹಾಕಿದಾಗ ಮಾತ್ರ, ಕಪ್ಪು ಗ್ರೌಂಡ್. ಹಳದಿ ಕೆಂಪು ಅದಲುಬದಲಾದರೆ ಕೀ ತೆಗೆದಾಗಲೆಲ್ಲ ಸ್ಟೇಷನ್‌ಗಳು, ಗಡಿಯಾರ, ಬ್ಲೂಟೂತ್ ಜೋಡಣೆ ಎಲ್ಲ ಅಳಿಸಿಹೋಗುತ್ತದೆ. ಎರಡನ್ನೂ ಹಳದಿಗೇ ಸೇರಿಸಿದರೆ ಡೆಕ್ ರಾತ್ರಿಯೆಲ್ಲ ಎಚ್ಚರವಾಗಿದ್ದು ಬ್ಯಾಟರಿ ಕುಡಿಯುತ್ತದೆ. ಬಿಲ್ ಕಟ್ಟುವ ಮುಂಚೆ ಅಲ್ಲೇ ಒಂದು ಸಲ ಕೀ ತೆಗೆದು, ಹಾಕಿ ನೋಡಿ. ಬಿಚ್ಚಿದ ಹಳೆ ಡೆಕ್, ಅದರ ಬ್ರ್ಯಾಕೆಟ್, ಸ್ಕ್ರೂ ಎಲ್ಲ ಒಂದು ಕವರ್‌ನಲ್ಲಿ ಹಾಕಿ ಮನೆಗೆ ತನ್ನಿ. ಕಾರು ಮಾರುವಾಗ ಕೊಳ್ಳುವವರು ಕಂಪನಿ ಸ್ಟೀರಿಯೋ ಎಲ್ಲಿ ಅಂತ ಕೇಳಿಯೇ ಕೇಳುತ್ತಾರೆ.